ಹತ್ತು ಸೆಂಟ್ ಮಳೆ

ಗೋಣಿಬೀಡಿನ ಎಸ್ಟೇಟ್ ಆಫೀಸಿನ ಕಂಪ್ಯೂಟರಿನಲ್ಲಿ ನೂರು ಸೆಂಟಿಗೆ ಒಂದು ಇಂಚಿನಂತೆ ಬರೆಯುವ ಮಳೆ ಲೆಕ್ಕದ ಪುಟ ತೆರೆದೆ. ಒಂದು ದಿನದ ಎದುರು ಹೀಗಿತ್ತು: ‘ಎರಡು ಇಂಚು ಹತ್ತು ಸೆಂಟ್. ಆ ಹತ್ತು ಸೆಂಟ್ ನನ್ನ ಹೆಂಡತಿಯ ತಲೆ ಮೇಲೆ. ಇವತ್ತೂ ಕೊಡೆ ಮರೆತಳು.’

ಬರೆದವರು ನಮ್ಮವರು. ಅದೇ ಧಣಿಗಳ ಬಣಕಲ್ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ತೀರಿಕೊಂಡು ಮೂರು ತಿಂಗಳು. ಬಣಕಲ್ಲಿನಲ್ಲಿ ಬರೆದದ್ದು, ಅಳಿಸಿದ್ದು ಎಲ್ಲವೂ ಗೋಣಿಬೀಡಿನ ಕಂಪ್ಯೂಟರಿನಲ್ಲೂ ತಾನಾಗಿ ನಕಲಾಗುತ್ತದೆ. ಹೊಸ ರೈಟರ್ ಬಂದವರು, ಲೆಕ್ಕದ ಪುಟದಲ್ಲಿ ಹರಟೆ ಯಾಕೆಂದು ಇಂಥ ಸಾಲುಗಳನ್ನೆಲ್ಲ ಅಳಿಸಿದ್ದರು. ಆದರೆ ನಮ್ಮವರು ತೀರಿಕೊಂಡ ವಾರವೇ ಗೋಣಿಬೀಡಿನ ಇಂಟರ್ನೆಟ್ ಲೈನ್ ಕಡಿದಿತ್ತು. ಅಳಿಸಿದ ಸುದ್ದಿ ಇಲ್ಲಿಗೆ ತಲುಪಿರಲೇ ಇಲ್ಲ. ಅದು ಗೊತ್ತಾಗಿಯೇ ನಾನು ಬಸ್ಸು ಹತ್ತಿ ಬಂದಿದ್ದೆ.

“ಲೈನ್ ಸರಿಯಾಯ್ತು ಅಕ್ಕ. ಇನ್ನು ಎರಡೂ ಕಡೆ ಒಂದೇ ಆಗ್ತದೆ. ಕನೆಕ್ಷನ್ ಕೊಡ್ಲಾ?” ಎಂದರು ರಿಪೇರಿಗೆ ಬಂದವರು.

“ಒಂಚೂರು ತಡೀರಿ ಮಾರಾಯ್ರೆ” ಎಂದೆ. ಮೂರು ಸಲ ಓದಿದೆ. ಆಮೇಲೆ, ಕೊಡಿ ಎಂದು ತಲೆಯಾಡಿಸಿದೆ. ಸಾಲು ಕಣ್ಣೆದುರೇ ಮಾಯವಾಯಿತು. ಫೋಟೊ ತೆಗೆಯಬಹುದಿತ್ತೆಂದು ಹೊಳೆದದ್ದು ವಾಪಸು ಬರುವಾಗ, ಬಸ್ಸಿನಲ್ಲಿ.

ಈಗ ಎರಡೂ ಕಡೆ ಆ ದಿನದ ಮಳೆ ಬರೀ ಎರಡು ಇಂಚು ಹತ್ತು ಸೆಂಟ್. ನಾನು ಮಾತ್ರ ಒಮ್ಮೊಮ್ಮೆ ಬೇಕೆಂದೇ ಕೊಡೆ ಬಿಟ್ಟು ಹೊರಡುತ್ತೇನೆ.