ಇಪ್ಪತ್ತೆಂಟನೇ ವಾರದಲ್ಲಿ ಅಭಾ

ಸೂಟ್‌ಕೇಸಿನ ಎಡಗಡೆಯ ಚಕ್ರದಲ್ಲಿ ಬೂದು ಬಣ್ಣದ ಕಲ್ಲಿನ ಚೂರೊಂದು ಸಿಕ್ಕಿಕೊಂಡಿತ್ತು, ಕಡಲೆಬೇಳೆಯಷ್ಟು ದಪ್ಪ. ಚಳಿಗಾಲದಲ್ಲಿ ಜನ ಜಾರಿ ಬೀಳದಿರಲೆಂದು ಸ್ವೀಡನ್ನಿನ ರಸ್ತೆಗಳಿಗೆ ಚೆಲ್ಲುವ ಕಲ್ಲು ಅದು. ಹೇರ್‌ಪಿನ್ನಿನಿಂದ ಕಿತ್ತು ತೆಗೆದೆ. ಪ್ರಯಾಣಕ್ಕೆ ಇನ್ನೂ ಎರಡೂವರೆ ತಿಂಗಳಿತ್ತು. ಆದರೆ ನಾನು ಎಲ್ಲವನ್ನೂ ಮೊದಲೇ ಮುಗಿಸಿಟ್ಟುಕೊಳ್ಳುವವಳು.

ಹೊರಡಬೇಕಿದ್ದದ್ದು ಅಭಾಕ್ಕೆ. ಸೌದಿ ಅರೇಬಿಯದ ನೈಋತ್ಯದಲ್ಲಿ ಬೆಟ್ಟದ ಮೇಲಿರುವ ಊರು. ಅಕ್ಕ ಜೆಡ್ಡಾದ ಆಸ್ಪತ್ರೆಯೊಂದರಲ್ಲಿ ನರ್ಸ್. ಅಲ್ಲಿ ಜುಲೈ ತಿಂಗಳಲ್ಲಿ ಮಧ್ಯಾಹ್ನ ಬಾಲ್ಕನಿಯ ಬಾಗಿಲು ತೆರೆದರೆ ಒಲೆಯ ಮುಂದೆ ನಿಂತಂತೆ. ಅಭಾದಲ್ಲಾದರೆ ಮಂಜು, ಜುನಿಪರ್ ಮರಗಳು, ರಸ್ತೆಬದಿಯಲ್ಲಿ ಕೂತು ಕಾರುಗಳನ್ನು ನೋಡುವ ಮಂಗಗಳು. ಅಕ್ಕ, ಭಾವ, ನಾಲ್ಕು ವರ್ಷದ ಅವರ ಮಗಳು, ನಾನು, ಒಂದು ವಾರ. ಅದು ಅಕ್ಕನ ಯೋಚನೆ.

"ನಂಗೆ ನವೆಂಬರ್‌ಗೆ ಡೇಟ್ ಕೊಟ್ಟಿದಾರೆ ಕಣೇ. ಆಮೇಲೆ ಎರಡು ವರ್ಷ ಎಲ್ಲೂ ಅಲ್ಲಾಡೋಕಾಗಲ್ಲ. ಈಗ್ಲೇ ಬಾ" ಎಂದಿದ್ದಳು. ಎರಡನೇ ಮಗುವಿನ ಸುದ್ದಿ ನನಗೆ ತಿಳಿದದ್ದು ಆ ಮಾತಿನಲ್ಲೇ.

ಮೊದಲನೇ ಮಗು ಹುಟ್ಟಿದಾಗಲೂ ಅವಳು ಕರೆದಿದ್ದಳು. ಕೆಲಸ ಇದೆ ಅಂದಿದ್ದೆ. ಆ ಮಗು ನನ್ನನ್ನು ಫೋನಿನಲ್ಲಿ ಮಾತ್ರ ನೋಡಿದೆ. ಒಮ್ಮೆ ಬಹಳ ಗಂಭೀರವಾಗಿ ಕೇಳಿತು: "ಚಿಕ್ಕಿ, ನಿಂಗೆ ಕಾಲು ಇದ್ಯಾ?"

ಫೋನನ್ನು ಪುಸ್ತಕಕ್ಕೆ ಒರಗಿಸಿ, ಹಿಂದೆ ಸರಿದು, ಎರಡೂ ಕಾಲು ತೋರಿಸಿದೆ.

"ಶೂ ಹಾಕ್ಕೊಂಡಿಲ್ಲ" ಎಂದು ತಪ್ಪು ಹಿಡಿಯಿತು.

ಸ್ವೀಡನ್ನಿನ ಟ್ರೋಲ್‌ಹೆಟ್ಟನ್ ಊರಿನಲ್ಲಿ ನನ್ನ ಪಿಎಚ್‌ಡಿ ಕೆಲಸ. ವಿಮಾನದ ಎಂಜಿನ್ನಿಗೆ ಬಳಸುವ ಲೋಹವನ್ನು ಎಳೆದು, ಬಿಟ್ಟು, ಮತ್ತೆ ಎಳೆದು, ಎಷ್ಟನೇ ಸಲಕ್ಕೆ ಬಿರುಕು ಬಿಡುತ್ತದೆಂದು ನೋಡುವುದು. ಅದಕ್ಕಿರುವುದು ಒಂದೇ ಯಂತ್ರ, ಸಾಲಿನಲ್ಲಿ ನಾವು ಆರು ಜನ. ಜುಲೈನಲ್ಲಿ ಸ್ವೀಡಿಷರೆಲ್ಲ ರಜೆಗೆ ಹೋಗಿ ಕಟ್ಟಡ ಖಾಲಿಯಾಗುತ್ತದೆ. ಆಗ ಯಂತ್ರ ಇಡೀ ವಾರ ಒಬ್ಬರಿಗೇ ಸಿಗುತ್ತದೆ. ಇಪ್ಪತ್ತೇಳನೇ ವಾರಕ್ಕೆ ನನ್ನ ಹೆಸರು ಬರೆಸಿ, ಇಪ್ಪತ್ತೆಂಟನೇ ವಾರ ರಜೆ ಹಾಕಿದ್ದೆ.

ಇಲ್ಲಿ ಯಾರೂ ತಾರೀಕು ಹೇಳುವುದಿಲ್ಲ, ವಾರದ ಸಂಖ್ಯೆ ಹೇಳುತ್ತಾರೆ. ದಂತವೈದ್ಯರು, ಮನೆ ಮಾಲೀಕರು, ಮೀಟಿಂಗು ಕರೆಯುವವರು, ಎಲ್ಲರೂ. ಬಂದ ಹೊಸದರಲ್ಲಿ ನಗು ಬರುತ್ತಿತ್ತು. ನಾಲ್ಕು ವರ್ಷದಲ್ಲಿ ನಾನೂ ಹಾಗೆಯೇ ಮಾತಾಡತೊಡಗಿದ್ದೆ. ಅಕ್ಕನಿಗೂ ಅದನ್ನೇ ಬರೆದೆ: "ವಾರ ಇಪ್ಪತ್ತೆಂಟು. ರಜೆ ಕೇಳು." ಸಿಕ್ಕಿತು ಎಂದು ಮೂರು ಹೆಬ್ಬೆರಳಿನ ಚಿತ್ರ ಕಳಿಸಿದಳು.

ಅಭಾದ ಚಳಿಗೆ ಒಯ್ಯಬೇಕಾದ ಸ್ವೆಟರುಗಳ ಪಟ್ಟಿ ಮಾಡಿದೆ. ಕಾಫಿ ಹೊತ್ತಿನಲ್ಲಿ ಪ್ರಯೋಗಾಲಯದ ಹಿರಿಯ ತಂತ್ರಜ್ಞರಿಗೆ ವಿಷಯ ತಿಳಿಯಿತು. ದಾಲ್ಚಿನ್ನಿ ಬನ್ನನ್ನು ಬಾಯಿಯ ಹತ್ತಿರವೇ ಹಿಡಿದುಕೊಂಡು ಕೇಳಿದರು. "ತಂಪಿಗೆ ಅಂತ ಸ್ವೀಡನ್ ಬಿಟ್ಟು ಅರೇಬಿಯಾಕ್ಕೆ?"

"ಹೌದು."

"ಅಲ್ಲಿಂದ ಬರುವಾಗ ಸ್ವಲ್ಪ ಬಿಸಿಲು ತನ್ನಿ. ಇಲ್ಲಿ ನಮಗೆ ಬೇಕಾಗುತ್ತದೆ."

ಆ ಶನಿವಾರ ಸಂಜೆ ವಿಮಾನದ ಟಿಕೆಟ್ ಮಾಡಲು ಕೂತೆ. ಅಕ್ಕ ಫೋನಿನಲ್ಲಿದ್ದಳು, ಅವರು ಜೆಡ್ಡಾದಿಂದ ಹೊರಡುವ ವಿಮಾನದ ವಿವರವನ್ನು ಭಾವ ಹಿಂದಿನಿಂದ ಓದಿ ಹೇಳುತ್ತಿದ್ದರು. ಅವರು ಹೇಳಿದ ತಾರೀಕಿಗೂ ನನ್ನ ಪರದೆಯ ಮೇಲಿನ ತಾರೀಕಿಗೂ ಏಳು ದಿನದ ಅಂತರ.

"ಒಂದು ವಾರ ಮುಂಚೆ ಯಾಕೆ?" ಎಂದೆ.

"ನೀನೇ ಹೇಳಿದ್ದಲ್ವಾ, ಇಪ್ಪತ್ತೆಂಟು. ನನ್ನ ಫೋನಲ್ಲಿ ಅದೇ ಇಪ್ಪತ್ತೆಂಟು."

ಇಬ್ಬರೂ ನಮ್ಮ ನಮ್ಮ ಕ್ಯಾಲೆಂಡರಿನ ಚಿತ್ರ ಕಳಿಸಿಕೊಂಡೆವು. ಅವಳ ಫೋನಿನಲ್ಲಿ ವಾರ ಶುರುವಾಗುವುದು ಭಾನುವಾರ, ಜನವರಿ ಒಂದು ಬಿದ್ದ ವಾರವೇ ವರ್ಷದ ಮೊದಲನೆಯದು. ಸ್ವೀಡನ್ನಿನಲ್ಲಿ ಹೊಸ ವರ್ಷದ ಮೊದಲ ಗುರುವಾರ ಸೇರಿರುವ ವಾರ ಮೊದಲನೆಯದು. ಕೆಲವು ವರ್ಷ ಎರಡೂ ಕೂಡಿ ಬರುತ್ತವೆ. ಈ ವರ್ಷ ಅವಳ ಲೆಕ್ಕ ಒಂದು ವಾರ ಮುಂದಿತ್ತು. ಅವಳ ಇಪ್ಪತ್ತೆಂಟು ನನ್ನ ಇಪ್ಪತ್ತೇಳು, ಯಂತ್ರದ ವಾರ.

"ಪಿಎಚ್‌ಡಿ ಮಾಡೋರು ತಾರೀಕು ಅಂತ ಒಂದಿದೆ ಅನ್ನೋದು ಮರೀತಾರೇನೋ" ಎಂದು ಭಾವ ಹಿಂದಿನಿಂದ ನಕ್ಕರು.

"ರೀ, ಸುಮ್ನಿರಿ" ಎಂದಳು ಅಕ್ಕ. ಅವಳ ವಾರ್ಡಿನಲ್ಲಿ ರಜೆಯ ಪಟ್ಟಿ ಒಮ್ಮೆ ಹಾಕಿದರೆ ಮುಗಿಯಿತು, ಬದಲಿಸಲು ಬದಲಿ ನರ್ಸ್ ಇಲ್ಲ. ನನ್ನ ಯಂತ್ರದ ವಾರ ತಪ್ಪಿದರೆ, ಮಿಕ್ಕ ವಾರಗಳಿಗೆಲ್ಲ ಬೇರೆಯವರು ಹೆಸರು ಬರೆಸಿರುವುದರಿಂದ, ಅದು ಮತ್ತೆ ಖಾಲಿ ಇರುವುದು ಅಕ್ಟೋಬರಿನಲ್ಲಿ. ಡಿಸೆಂಬರಿಗೆ ಮುಗಿಯಬೇಕಿದ್ದ ಪ್ರಬಂಧ ಮುಂದಿನ ವಸಂತಕ್ಕೆ ಹೋಗುತ್ತದೆ. ಅದನ್ನು ಅವಳಿಗೆ ಹೇಳಿದೆ.

ಅತ್ತ ಮಗು ಯಾವುದೋ ಡಬ್ಬಿ ಬಡಿಯುತ್ತಿತ್ತು.

"ಸರಿ ಬಿಡು" ಎಂದಳು ಅಕ್ಕ. "ಕೆಲಸ ತಾನೇ ಮೊದ್ಲು. ನಾವ್ ಹೋಗ್ಬಿಟ್ಟು ಫೋಟೋ ಕಳಿಸ್ತೀವಿ."

ನಾಲ್ಕು ವರ್ಷದ ಹಿಂದೆಯೂ ಅವಳು ಹೇಳಿದ್ದು ಇದೇ "ಸರಿ ಬಿಡು". ಬೈದಿದ್ದರೆ ಉತ್ತರ ಕೊಡಬಹುದಿತ್ತು. ಸೋಮವಾರದೊಳಗೆ ಹೇಳುತ್ತೇನೆ ಎಂದೆ. "ಆಯ್ತಮ್ಮ, ಸೋಮವಾರಕ್ಕೆ ವಾರದ ನಂಬರ್ ಇಲ್ಲ ತಾನೇ?" ಎಂದು ಫೋನ್ ಇಟ್ಟಳು. ನಗು ಬಂತು, ಆದರೆ ಪೂರ್ತಿ ಬರಲಿಲ್ಲ. ಮೇಜಿನ ಮೇಲೆ ನನ್ನ ಕೆಲಸದ ವೇಳಾಪಟ್ಟಿ ಹರಡಿ ಕೂತು, ಪ್ರಬಂಧ ನಾಲ್ಕು ತಿಂಗಳು ತಡವಾದರೆ ನಿಜವಾಗಿ ಏನು ನಷ್ಟ ಎಂದು ಬರೆಯಲು ಹೊರಟೆ. ಎರಡು ಸಾಲಿಗಿಂತ ಹೆಚ್ಚು ಹೊಳೆಯಲಿಲ್ಲ.

ಮರುದಿನ ಭಾನುವಾರ. ಬೆಳಿಗ್ಗೆ ಎಂಟಕ್ಕೆ ಖಾಲಿ ಬಸ್ಸಿನಲ್ಲಿ ಪ್ರಯೋಗಾಲಯಕ್ಕೆ ಹೋದೆ. ಯಂತ್ರದ ಕೋಣೆಯ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಇಪ್ಪತ್ತೇಳನೇ ವಾರದ ಎದುರಿದ್ದ ನನ್ನ ಹೆಸರನ್ನು ರಬ್ಬರಿನಿಂದ ಉಜ್ಜಿ ತೆಗೆದು, ಅಕ್ಟೋಬರಿನ ಖಾಲಿ ಸಾಲೊಂದರಲ್ಲಿ ಬರೆದೆ. ರಜೆ ಒಂದು ವಾರ ಮುಂಚೆ, ಪ್ರಬಂಧ ವಸಂತಕ್ಕೆ ಎಂದು ಮಾರ್ಗದರ್ಶಕರಿಗೆ ನಾಲ್ಕು ಸಾಲಿನ ಇಮೇಲ್ ಕಳಿಸಿದೆ. ಆಮೇಲೆ ಕಾರಿಡಾರಿನ ಬೆಂಚಿನ ಮೇಲೆ ಕೂತು, ಭಾವ ಓದಿ ಹೇಳಿದ್ದ ತಾರೀಕಿಗೇ ಟಿಕೆಟ್ ಮಾಡಿದೆ.