ತಂಗಿಗೆ ಹಂಕಾ ತಂದ ಹೆಸರು

ಆಗ ಬನಾರಸಿನ ಚಳಿಗಾಲವೆಂದರೆ ಸಂಜೆಯಾದೊಡನೆ ಎಲ್ಲರೂ ಅಡುಗೆಮನೆ ಸೇರುವ ಕಾಲ. ಆ ವರ್ಷವಂತೂ ನಮ್ಮ ಮನೆಯಲ್ಲಿ ಬರೀ ಹೆಸರುಗಳದ್ದೇ ಮಾತು. ಅಪ್ಪ ದಕ್ಷಿಣದ ಯಾತ್ರಿಕರಿಗೆ ಶ್ರಾದ್ಧ ಮಾಡಿಸುವ ಪುರೋಹಿತರು. ಯಾರ್ಯಾರದೋ ಮೂರು ತಲೆಮಾರಿನ ಹೆಸರು ಅವರ ಬಾಯಲ್ಲಿ. ಅಮ್ಮ ಬಸುರಿ. ಮಹಡಿಯ ಕೋಣೆಯಲ್ಲಿ ಹಿಂದಿ ಕಲಿಯಲು ಬಂದ ಹಂಕಾ ಬಾಡಿಗೆಗಿದ್ದಳು. ಜರ್ಮನಿಯವಳು ಎಂದರೆ ಮೂಗು ಮುರಿಯುತ್ತಿದ್ದಳು. ತಾನು ಅಲ್ಲಿಯ ಸೊರ್ಬ್ ಎಂಬ ಪುಟ್ಟ ಜನಾಂಗದವಳು, ತಮ್ಮ ಭಾಷೆಯೇ ಬೇರೆ ಎನ್ನುತ್ತಿದ್ದಳು.

ಹಸಿ ಬಟಾಣಿ ಬಿಡಿಸುತ್ತಾ ಕೂತರೆ ಅವಳ ಊರಿನ ಹೆಸರುಗಳು ಒಂದೊಂದಾಗಿ ಬರುತ್ತಿದ್ದವು. ಯುರಿಯ್ ಎಂದರೆ ಹೊಲ ಉಳುವವನು, ಮೂಲ ಗ್ರೀಕಿನದು. ಹಂಕಾ ಎಂದರೆ ದೇವರ ಕೃಪೆ, ಅದು ಹೀಬ್ರೂವಿನದು. ಪಾಸ್‌ಪೋರ್ಟಿನಲ್ಲಿ ಅವಳು ಯೊಹಾನ್ನಾ, ಮನೆಯವರಿಗಷ್ಟೇ ಹಂಕಾ. ಶಾಲೆಯಲ್ಲಿ ಭಾಗೀರಥಿ, ಮನೆಯಲ್ಲಿ ಪುಟ್ಟಿಯಾಗಿದ್ದ ನನಗೆ ಇದು ಬಹಳ ಹಿಡಿಸಿತ್ತು.

"ಲುಬಿನಾ ಅಂತ ಒಂದಿದೆ. ಅದು ಅಪ್ಪಟ ನಮ್ಮದು. ಪ್ರೀತಿಯವಳು ಅಂತ ಅರ್ಥ," ಎಂದಳೊಮ್ಮೆ ಹಿಂದಿಯಲ್ಲಿ.

ಅಮ್ಮ ಬಟಾಣಿ ಬಿಟ್ಟು ಹೊಟ್ಟೆ ಸವರಿಕೊಂಡಳು.

ಮಗು ಹೆಣ್ಣೇ ಆಯಿತು. ಓಮದ ಹೊಗೆ ತುಂಬಿದ ಬಾಣಂತಿ ಕೋಣೆಯಲ್ಲಿ ಅಮ್ಮ ಅದನ್ನು ಲುಬಿನಾ ಎಂದೇ ಕರೆದಳು. ಅಪ್ಪ ಗದರಿದರು.

"ನಾಮಕರಣಕ್ಕೆ ಮುಂಚೆ ಹೆಸರು ಹಿಡಿದು ಕರೀಬಾರದು ಕಣೇ. ಹನ್ನೆರಡನೇ ದಿನದವರೆಗೆ ತಡ್ಕೋ."

"ಅಲ್ಲೀವರೆಗೆ ಬರೀ ಕೂಸೇ ಕೂಸೇ ಅನ್ನಲಾ?" ಎಂದು ಅಮ್ಮ ನಕ್ಕಳು.

ತೊಟ್ಟಿಲಿಗೆ ಹಾಕುವ ಮುನ್ನವೇ ತಂಗಿ ಜ್ವರ ಬಂದು ಹೋಗಿಬಿಟ್ಟಳು. ಅಷ್ಟು ಎಳೆಯ ಕೂಸಿಗೆ ಚಿತೆಯಿಲ್ಲ. ಅಪ್ಪ ಬಿಳಿ ಬಟ್ಟೆಯಲ್ಲಿ ಸುತ್ತಿ ದೋಣಿಯಲ್ಲಿ ಒಯ್ದು ಗಂಗೆಗೆ ಬಿಟ್ಟು ಬಂದರು.

ಮುಂದಿನ ಅಮಾವಾಸ್ಯೆಗೆ ಅಪ್ಪ ತರ್ಪಣಕ್ಕೆ ಹೊರಟಾಗ ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಊರವರ ಹೆಸರೆಲ್ಲ ಹೇಳಿ ನೀರು ಬಿಡ್ತೀರಿ. ನನ್ನ ಮಗಳಿಗೂ ಬಿಡಿ."

"ಹೆಸರಿಡದ ಕೂಸಿಗೆ ತರ್ಪಣ ಇಲ್ಲ ಕಣೇ."

"ನಾನು ಕರೆದಿದ್ದೆನಲ್ಲ. ಕರೆದರೆ ನನ್ನ ಕಡೆ ತಿರುಗ್ತಿದ್ಲು."

ಅಪ್ಪ ತಲೆ ತಗ್ಗಿಸಿಕೊಂಡು ಹೊರಟುಹೋದರು. ಶಾಸ್ತ್ರ ಅವರ ಪರವಾಗಿಯೇ ಇದ್ದಿರಬಹುದು. ನನ್ನ ಸಿಟ್ಟು ಮಾತ್ರ ಇನ್ನೂ ಆರಿಲ್ಲ.

ಹಂಕಾ ವೀಸಾ ಮುಗಿದು ತನ್ನೂರಿಗೆ ಹೋದಳು. ಅಮ್ಮ ಒಬ್ಬಳೇ ಪಾತ್ರೆ ತೊಳೆಯುವಾಗ ಲುಬಿನಾ ಎಂದು ಕರೆಯುವುದು ನನಗೆ ಕೇಳಿಸುತ್ತಿತ್ತು. ಅಪ್ಪ ತೀರಿಕೊಂಡ ಮೇಲೂ ಕರೆಯುತ್ತಿದ್ದಳು. ಈ ವರ್ಷ ಅಮ್ಮನೂ ಹೋದಳು. ನನ್ನ ಮಕ್ಕಳದು ಹಿಂದಿಯೇ. ಮನೆಯಲ್ಲಿ ಕನ್ನಡ ಆಡುವವರಿಲ್ಲ, ನನ್ನನ್ನು ಪುಟ್ಟಿ ಎನ್ನುವವರೂ ಇಲ್ಲ. ಹರಿಶ್ಚಂದ್ರ ಘಾಟಿನಲ್ಲಿ ಅಮ್ಮನ ಚಿತೆಯ ಮುಂದೆ ಯಾರೋ, "ಪಾಪ, ಅವರಿಗೆ ಒಬ್ಬಳೇ ಮಗಳು," ಎಂದರು. ಅಲ್ಲ, ಇಬ್ಬರು ಎನ್ನಲು ಬಾಯಿ ತೆರೆದೆ. ಅಳು ನುಗ್ಗಿ ಬಂತು, ಹೇಳಲಾಗಲಿಲ್ಲ.