ಸುಮತಿ ತೆಗೆದ ಬೆನ್ನಿನ ಫೋಟೊಗಳು

ಸುಳ್ಳು ಸುದ್ದಿಯಾಗಿರಲಿ ಅಂತ ಮತ್ತೆ ಮತ್ತೆ ಫೋನ್ ಮಾಡಿದೆ...
ಅವಳ ತಮ್ಮ ಅಳುತ್ತಲೇ, "ಹೌದ್ ಅಕ್ಕ... ಬೆಳಿಗ್ಗೆ ಏಳ್ಲೇ ಇಲ್ಲ" ಅಂದ.

ನಿನ್ನೆಯಷ್ಟೇ ನಾನು ಮೊಬೈಲಿಗೆ ಕಳಿಸಿದ ಫೋಟೊ ನೋಡಿ,
"ಕೈ ನಡುಗ್ಸ್ಬೇಡ ಮಾರಾಯ್ತಿ, ಮಬ್ಬ್ ಬಂದಿತ್" ಅಂತ ಬೈದಿದ್ದಳು...

ಸುಮತಿ. ಉಪ್ಪುಂದದಲ್ಲಿ ನಮ್ಮ ಪಕ್ಕದ ಮನೆಯವಳು. ನನ್ನ ಜೀವದ ಗೆಳತಿ.

ಅರವತ್ತರ ದಶಕದ ಕೊನೆ. ನಮಗಿನ್ನೂ ಇಪ್ಪತ್ತು ತುಂಬಿರಲಿಲ್ಲ.
ಯಾರೂ ಇಲ್ಲದ ಕಡೆಯಿಂದ ಅವಳಿಗೆ ದನಿಗಳು ಕೇಳಿಸತೊಡಗಿದವು...
ಮಂಗಳೂರಿನ ಡಾಕ್ಟರು ಮಾತ್ರೆ ಕೊಟ್ಟರು.
ಊರವರು "ಮಂಡೆ ಸಮ ಇಲ್ಲ" ಅಂದರು.
ಅವಳ ಊಟದ ಬಟ್ಟಲು ಜಗಲಿಗೆ ಬಂತು. ಒಬ್ಬಳೇ ಉಣ್ಣುತ್ತಿದ್ದಳು...

ಆಗ ಬೊಂಬಾಯಿ ಹೋಟೆಲಿನಲ್ಲಿದ್ದ ಅವಳ ಸೋದರಮಾವ ರಜೆಗೆ ಬಂದವರು, ಹೊತ್ತು ಹೋಗಲಿ ಅಂತ ಒಂದು ಬಾಕ್ಸ್ ಕ್ಯಾಮೆರಾ ಕೊಟ್ಟುಹೋದರು.
ರೋಲ್ ಮುಗಿದಾಗ ಕುಂದಾಪುರದ ಸ್ಟುಡಿಯೋದಲ್ಲಿ ತೊಳೆಸಿ ತಂದವಳು ನಾನು.
"ಇವ್ಳಿಗ್ ಫೋಟೊ ತೆಗುಕೇ ಬತ್ತಿಲ್ಲ. ಒಂದ್ರಂಗೂ ಮುಖ ಇಲ್ಲ!" ಅಂತ ಸ್ಟುಡಿಯೋದವರು ನಕ್ಕಿದ್ದರು.

ನಿಜ...
ಬಾವಿಕಟ್ಟೆಯಿಂದ ಕೊಡ ಎತ್ತಿಕೊಂಡು ಹೊರಟ ಚಿಕ್ಕಮ್ಮ. ಒಳಗೆ ಸರಿದ ಅಂಗಡಿಯವ. ಅಡುಗೆಮನೆಗೆ ಹೋಗುತ್ತಿರುವ ಅವಳ ಅಮ್ಮ...

"ಇದೆಂತ ಹೆಣ್ಣೇ, ಎಲ್ಲರ ಬೆನ್ನೇ ತೆಗ್ದಿದ್ಯಲೆ?" ಅವಳ ಅಮ್ಮ ಕೇಳಿದರು.
"ನಂಗ್ ಕಾಂಬುದ್ ಅದೇ ಅಮ್ಮ. ನಾ ಬಂದ್ರೆ ಎಲ್ರೂ ಹೀಂಗೇ ಹೋತ್ರ್."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ...
ಅಮ್ಮ ತಮ್ಮದೇ ಬೆನ್ನಿನ ಫೋಟೊವನ್ನು ತುಂಬ ಹೊತ್ತು ಹಿಡಿದುಕೊಂಡಿದ್ದರು.
ಆ ಮಧ್ಯಾಹ್ನ ತಮ್ಮ ಬಟ್ಟಲನ್ನೂ ಜಗಲಿಗೆ ತಂದು ಎದುರು ಕೂತರು.
"ಆ ದನಿ ನಿಂಗೆ ಎಂತ ಹೇಳತ್ತ್ ಮಗಾ?"

ಅಲ್ಲಿಯವರೆಗೆ ಯಾರೂ ಅವಳ ಹತ್ತಿರ ಅದನ್ನು ಕೇಳಿರಲಿಲ್ಲ. ನಾನೂ...
ಅನ್ನ ಆರಿ ತಣ್ಣಗಾಗುವವರೆಗೂ ಹೇಳಿದಳು.

ಸುಮತಿ... ಕಾಯಿಲೆ ನಿನ್ನನ್ನು ಪೂರ್ತಿ ಬಿಡಲೇ ಇಲ್ಲ. ಮಾತ್ರೆ ತಪ್ಪಿದಾಗಲೆಲ್ಲ ಮರಳಿ ಬರುತ್ತಿತ್ತು.
ಆದರೆ ಆಮೇಲೆ ಅದರ ಜೊತೆ ನಿನ್ನನ್ನು ಒಂಟಿಯಾಗಿ ಯಾರೂ ಬಿಡಲಿಲ್ಲ.
ರೋಲ್ ತೊಳೆದು ಬಂದಾಗಲೆಲ್ಲ ನಿನ್ನಮ್ಮ ನಿನ್ನ ಪಕ್ಕ ಕೂರುತ್ತಿದ್ದರು.
"ಇದ್ ಯಾವತ್ತಿಂದ್? ಅವತ್ತ್ ನಿಂಗ್ ಹ್ಯಾಂಗಿತ್ತ್?"
ಮುಚ್ಚಿದ ಕಿಟಕಿ, ಖಾಲಿ ಗದ್ದೆ, ಗೋಡೆಯ ಮೇಲಿನ ನೆರಳು... ಬಾಯಲ್ಲಿ ಹೇಳಲಾಗದ್ದನ್ನು ನೀನು ಹಾಗೆ ತೋರಿಸುತ್ತಿದ್ದೆ.
ನಾವೂ ನಿಧಾನವಾಗಿ ಕಲಿತೆವು ಕಣೇ... ನಿನಗೆ ಹೆದರಬಾರದು, ನಿನ್ನನ್ನೇ ಕೇಳಬೇಕು ಅಂತ.

ಬ್ರಹ್ಮಾವರದಲ್ಲಿ ಉಪ್ಪುಂದದ ಬಸ್ಸು ಹತ್ತಿದವಳು ಇದನ್ನು ಬರೆಯುತ್ತಿದ್ದೇನೆ...
ಮರವಂತೆ ದಾಟಿತು. ಒಂದು ಕಡೆ ಸಮುದ್ರ, ಒಂದು ಕಡೆ ಹೊಳೆ. ಯಾವುದೂ ಕಣ್ಣಿಗೆ ಸರಿಯಾಗಿ ಕಾಣುತ್ತಿಲ್ಲ...

ಬತ್ತಾ ಇದ್ದೆ ಮಾರಾಯ್ತಿ... ಸ್ವಲ್ಪ ತಡಿ.

ನಿನ್ನ ಜೀವ ಇನ್ನು ಹಾಯಾಗಿರಲಿ, ಗೆಳತಿ... 🙏